ಮೊದಲು ಚಹಾ, ಆಮೇಲೆ ಬಣ್ಣ

ಸೋಮವಾರ, ೧೨ ಜನವರಿ ೨೦೦೪

ಮೆಷಿನ್ ಬಂತು. ಅದರ ಬೆನ್ನಿಗೇ ಒಬ್ಬ ಹುಡುಗಿಯೂ ಬಂದಳು.

ಮೂವತ್ತು ವರ್ಷದಿಂದ ಜ್ಯುವೆಲರ್ಸ್ ಸ್ಟ್ರೀಟ್ ಹಿಂದಿನ ಈ ಓಣಿಯಲ್ಲಿ ಕೂತು ವಜ್ರ ನೋಡಿ ಹೇಳುವ ಕೆಲಸ ಮಾಡುತ್ತಿದ್ದೇನೆ. ಅಸಲಿಯೋ ನಕಲಿಯೋ, ಬಣ್ಣ ಯಾವುದು, ಒಳಗೆ ಚುಕ್ಕೆ ಇದೆಯೋ ಇಲ್ಲವೋ, ಏನೇ ಅನುಮಾನ ಬಂದರೂ ಶಿವಾಜಿನಗರದಲ್ಲಿ ಒಂದೇ ಮಾತು: ಕೆಂಪರಾಜಣ್ಣನಿಗೆ ತೋರಿಸಿ. ಇವತ್ತು ಮಾಲೀಕರಾದ ಅಕ್ತರ್ ಸಾಹೇಬರು ಬಾಗಿಲ ಬೋರ್ಡು ಬದಲಾಯಿಸಿದರು. ಮೇಲಿನ ಸಾಲಿನಲ್ಲಿ ‘ಪ್ರಿಯದರ್ಶಿನಿ, ಎಂ.ಎಸ್ಸಿ.’ ನಾನು ಕೆಳಗಿನ ಸಾಲಿಗೆ ಇಳಿದಿದ್ದೇನೆ. ಬೋರ್ಡು ಬರೆಯುವವನು ನನ್ನ ಹೆಸರಿನ ಮುಂದೆ ಏನು ಹಾಕಲಿ ಎಂದು ಕೇಳಿದ. ಎಸ್ಸೆಸ್ಸೆಲ್ಸಿ ಅಂತ ಹಾಕಪ್ಪ ಎಂದೆ. ಅವನು ನಕ್ಕ. ನಾನು ನಗಲಿಲ್ಲ.

ಅವಳು ರಾಯಚೂರಿನ ಕಡೆಯವಳಂತೆ. ಇಪ್ಪತ್ತಾರು ಇರಬಹುದು. ಕೆ.ಆರ್. ಪುರದಲ್ಲಿ ಬಾಡಿಗೆ ಕೋಣೆ, ಜೊತೆಗೆ ತಾಯಿ. ಬಂದವಳೇ ನನ್ನ ಕಾಲಿಗೆ ಬಗ್ಗಿದಳು.

“ನಿಮ್ಮ ಬಗ್ಗೆ ಭಾಳ ಕೇಳೀನ್ರಿ ಸರ. ನನಗ ಮೆಷಿನ್ ಅಷ್ಟ ಗೊತ್ತು, ಕಲ್ಲು ನೀವ ಕಲಸ್ಬೇಕು.”

ನಾಟಕ ಎನ್ನಿಸಿತು. ದೊಡ್ಡ ಸಾಹೇಬರು, ಅಂದರೆ ಅಕ್ತರ್ ಸಾಹೇಬರ ತೀರಿಕೊಂಡ ತಂದೆ, ಮಧ್ಯಾಹ್ನ ಒರಗುತ್ತಿದ್ದ ಕೋಣೆಯ ಕಿಟಕಿಗೆ ಇಟ್ಟಿಗೆ ಕಟ್ಟಿ ಎ.ಸಿ. ಹಾಕಿಸಿ ಅದನ್ನು ಮೆಷಿನ್‌ಗೆ ಕೊಟ್ಟಿದ್ದಾರೆ. ನಾನು ಫ್ಯಾನ್ ಬದಲಾಯಿಸಿ ಎಂದು ಕೇಳಿ ನಾಲ್ಕು ವರ್ಷವಾಯಿತು.

ಬುಧವಾರ, ೨೧ ಜನವರಿ

ಮರ್ಯಾದೆ ಹೋಯಿತು, ಅದೂ ಕೊಬ್ಬರಿ ಎಣ್ಣೆಯಿಂದ.

ಚಿಕ್ಕಪೇಟೆಯ ವ್ಯಾಪಾರಿಯೊಬ್ಬರು ಕಲ್ಲು ತಂದಿದ್ದರು. ಎಂದಿನಂತೆ ಬೆರಳಲ್ಲಿ ಹಿಡಿದು ಬಾಯಿಯ ಹತ್ತಿರ ತಂದು ಉಸಿರು ಬಿಟ್ಟೆ. ವಜ್ರವಾದರೆ ಉಸಿರಿನ ಮಂಜು ಕೂತ ಕ್ಷಣವೇ ಹಾರಿಹೋಗುತ್ತದೆ. ಹಾರಿಹೋಯಿತು. ಅಸಲಿ ಎಂದು ಹೇಳಿ ಕಲ್ಲನ್ನು ಅವಳ ಕೈಗೆ ಕೊಟ್ಟೆ.

ಆ ಮೆಷಿನ್ ಕಣ್ಣಿಗೆ ಕಾಣದ ಒಂದು ಬೆಳಕನ್ನು ಕಲ್ಲಿನೊಳಗೆ ಹಾಯಿಸುತ್ತದೆ. ಕಲ್ಲಿನಲ್ಲಿ ಬೇರೆ ಏನಾದರೂ ಬೆರೆತಿದ್ದರೆ ಅದು ಆ ಬೆಳಕಿನಲ್ಲಿ ತನ್ನ ಪಾಲನ್ನು ನುಂಗುತ್ತದೆ. ನುಂಗಿದ ಕಡೆ ಕಾಗದದ ಮೇಲೆ ಗೆರೆ ಏಳುತ್ತದೆ. ಒಂದೊಂದು ಬೆರಕೆಗೂ ಒಂದೊಂದು ನಂಬರು. ಇವತ್ತಿನ ಕಾಗದದಲ್ಲಿ ಒಂದು ಕಡೆ ದಪ್ಪಗೆ ಎದ್ದಿತ್ತು.

“ಇದೇನಾ ನಿನ್ನ ಹೈಡ್ರೋಜನ್ನು?” ಎಂದೆ. ಒಂಬತ್ತು ದಿನದಲ್ಲಿ ನನ್ನ ಕಿವಿಗೆ ಬಿದ್ದಿದ್ದ ಒಂದೇ ಪದ ಅದು, ವ್ಯಾಪಾರಿಯ ಎದುರಿಗೆ ಬಳಸುವ ಆಸೆಯಾಯಿತು.

“ಅಲ್ರಿ ಸರ. ಹೈಡ್ರೋಜನ್ ಮೂರು ಸಾವಿರದ ನೂರಾ ಏಳಕ್ಕ ಬರ್ತದ, ಸೂಜಿಯಂಗ ಸಣ್ಣ ಗೆರಿ. ಇದು ಎರಡು ಸಾವಿರದ ಒಂಬೈನೂರರ ಹತ್ರ ದಪ್ಪಗದ. ಇದು ಮ್ಯಾಲಿನ ಜಿಡ್ಡಿಂದ್ರಿ.” ನನ್ನ ತಲೆಯ ಕಡೆ ಒಮ್ಮೆ ನೋಡಿ ಮೆಲ್ಲಗೆ ಕೇಳಿದಳು, “ಮುಂಜಾನೆ ಕೊಬ್ರಿ ಎಣ್ಣಿ ಹಚ್ಚೀರೇನ್ರಿ?”

ವ್ಯಾಪಾರಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ಕಲ್ಲನ್ನು ಒಂದು ದ್ರಾವಣದಲ್ಲಿ ತೊಳೆದು, ಚಿಮಟದಲ್ಲಿ ಎತ್ತಿ ಮತ್ತೆ ಇಟ್ಟಳು. ದಪ್ಪ ಗೆರೆ ಮಾಯ.

“ಮ್ಯಾಲಿಂದು ತೊಳದ್ರ ಹೋಗ್ತದ್ರಿ. ಒಳಗಿಂದು ಹೋಗಂಗಿಲ್ಲ,” ಎಂದಳು, ನನ್ನನ್ನು ಸಮಾಧಾನ ಮಾಡುವವಳ ಹಾಗೆ. ಮೂವತ್ತು ವರ್ಷ ಇದೇ ಬೆರಳಲ್ಲಿ ಹಿಡಿದ ಕಲ್ಲುಗಳನ್ನು ಎಣಿಸಿದರೆ ಅವಳ ವಯಸ್ಸಿನ ದಿನಗಳಿಗಿಂತ ಹೆಚ್ಚಾಗುತ್ತವೆ. ಮನೆಗೆ ಬಂದು ಎಣ್ಣೆ ಬಾಟಲಿಯನ್ನು ಬೀರುವಿನ ಮೇಲೆ ಎಸೆದೆ. ನನ್ನ ಹೆಂಡತಿ ಹಂಸ ಏನಾಯ್ತು ರೀ ಎಂದು ಕೇಳಿದಳು.

ಮಂಗಳವಾರ, ೩ ಫೆಬ್ರವರಿ

ಇವತ್ತು ಮೂರು ಜನ ಬಂದರು. ಮೂವರೂ ಕೇಳಿದ್ದು “ಮೇಡಮ್ ಇದಾರಾ?”

ಶುಕ್ರವಾರ, ೧೩ ಫೆಬ್ರವರಿ

ಅಕ್ತರ್ ಸಾಹೇಬರು ನಮಾಜಿಗೆ ಹೋಗಿದ್ದರು. ಗಿರಾಕಿ ಇರಲಿಲ್ಲ. ಅವಳು ಒಂದು ಕಾಗದ ಹಿಡಿದುಕೊಂಡು ನನ್ನ ಮೇಜಿಗೆ ಬಂದಳು. ಕೇಳದೆಯೇ ವಿವರಿಸತೊಡಗಿದಳು. ನಾನು ತಕ್ಕಡಿ ಒರೆಸುತ್ತ ಕೂತಿದ್ದೆ, ಕೇಳಿಸಿಕೊಳ್ಳುತ್ತಿಲ್ಲ ಎಂದು ಅವಳಿಗೆ ತಿಳಿಯಲಿ ಎಂದು.

“ವಜ್ರ ಅಂದ್ರ ಪೂರಾ ಇಂಗಾಲ ಅಂತಾರಲ್ರಿ, ಹಂಗಿರಂಗಿಲ್ಲ. ಕಲ್ಲು ನೆಲದಾಗ ಬೆಳಿಯೂ ಮುಂದ ಹೈಡ್ರೋಜನ್ ಒಳಗ ಸೇರ್ತದ. ಭಾಳ ಸಣ್ಣದದು, ಎಲ್ಲಾಕಿಂತ ಸಣ್ಣದು. ಇಂಗಾಲದ ಕೈ ಹಿಡ್ಕೊಂಡು ಅಲ್ಲೇ ನಿಂದರ್ತದ. ಸುಮ್ಮನ ನಿಂದ್ರಂಗಿಲ್ಲ, ಒಂದ ಸವನ ನಡಗ್ತಿರ್ತದ. ಆ ನಡುಕಾನ ಈ ಗೆರಿ.”

“ಅದಕ್ಕೇನೀಗ?”

“ಏನಿಲ್ರಿ. ಗೆರಿ ಬಿದ್ದಷ್ಟ ನಮಗ ಕಾಣ್ತದ. ಗೆರಿ ಬೀಳದಂಗ ಒಳಗ ಇನ್ನೆಷ್ಟದನೋ ಯಾರಿಗೂ ಗೊತ್ತಾಗಂಗಿಲ್ಲ. ಹೈಡ್ರೋಜನ್ ಹೆಚ್ಚಿದ್ದ ಕಲ್ಲು ಏನೇನೋ ಆಟ ಆಡ್ತಾವಂತ ಓದೀನಿ. ನೀವು ನೋಡಿರಬೇಕು.”

ನಾನು ತಕ್ಕಡಿ ಒರೆಸಿದೆ. ಕಲ್ಲಿನ ವಿಚಾರದಲ್ಲಿ ಇಷ್ಟು ಚೆಂದದ ಮಾತು ಈ ಮೂವತ್ತು ವರ್ಷದಲ್ಲಿ ನನ್ನ ಬಾಯಲ್ಲಿ ಒಮ್ಮೆಯೂ ಬಂದಿಲ್ಲ. ಹೊಟ್ಟೆ ಉರಿಯಿತು, ಸುಳ್ಳೇಕೆ ಬರೆಯಲಿ.

ಹೋಗುವಾಗ ಅವಳು ತಿರುಗಿ ಕೇಳಿದಳು. “ಸರ, ನೀವು ದಿನಾ ಮುಂಜಾನೆ ಕಲ್ಲನ್ನ ಸೇಫಿಂದ ತಗದು ಕಿಟಕಿ ಹತ್ರ ಬಿಳಿ ಕಾಗದದ ಮ್ಯಾಲ ಇಡ್ತೀರಿ. ಆಮ್ಯಾಲ ಚಹಾ ಕುಡೀತೀರಿ. ಆಮ್ಯಾಲ ಬಣ್ಣ ಬರೀತೀರಿ. ಚಹಾ ಮೊದಲ ಯಾಕ್ರಿ?”

ಒಂದು ತಿಂಗಳಲ್ಲಿ ಇದನ್ನೂ ಗಮನಿಸಿಬಿಟ್ಟಿದ್ದಾಳೆ.

“ಅಭ್ಯಾಸ ಕಣಮ್ಮ. ಟೀ ಬೀಳ್ದೆ ನಂಗೆ ಕಣ್ಣೇ ಬಿಡಲ್ಲ,” ಎಂದೆ.

ಶನಿವಾರ, ೨೮ ಫೆಬ್ರವರಿ

ಇವತ್ತಿನದನ್ನು ವಿವರವಾಗಿ ಬರೆಯಬೇಕು.

ಬೆನ್ಸನ್ ಟೌನಿನಿಂದ ಸುಭದ್ರಮ್ಮ ಎಂಬುವರು ಬಂದಿದ್ದರು. ಎಪ್ಪತ್ತು ದಾಟಿದ, ಗಟ್ಟಿ ದನಿಯ ಹೆಂಗಸು. ಅತ್ತೆಯ ಕಾಲದ ಉಂಗುರ, ಅದರಲ್ಲಿ ಒಂದೇ ಕಲ್ಲು. ಮೊಮ್ಮಗಳ ಮದುವೆಗೆ ಕೊಡುವ ಮೊದಲು ಸರ್ಟಿಫಿಕೇಟ್ ಬೇಕಂತೆ. ನಾನೇ ಕಲ್ಲು ಬಿಡಿಸಿ, ತೂಗಿ, ರಸೀದಿ ಬರೆದೆ. ಒಂದು ಕ್ಯಾರೆಟ್ ನಲವತ್ತೆರಡು ಸೆಂಟು. ಅಂಚಿನಲ್ಲಿ ಸಾಸಿವೆಯ ಚೂರಿನಷ್ಟು ಕಪ್ಪು ಚುಕ್ಕೆ. ಬಣ್ಣ ಹಸಿರು.

ಎಂಥ ಹಸಿರು! ಬೂದು ಕಲೆಸಿದ, ಬಾಡಿದ ಹುರುಳಿ ಸೊಪ್ಪಿನ ಹಸಿರು. ನೋಡಿದ ಕೂಡಲೇ ಇಪ್ಪತ್ತಮೂರು ವರ್ಷ ಹಿಂದಕ್ಕೆ ಹೋದೆ. ಪ್ರಿಯದರ್ಶಿನಿ ಊಟಕ್ಕೆ ಹೋಗುವ ತನಕ ಕಾದು, ಕಲ್ಲನ್ನು ಚಿಮಟದಲ್ಲಿ ಹಿಡಿದು ಸ್ಪಿರಿಟ್ ದೀಪದ ಮೇಲೆ ಸ್ವಲ್ಪ ಆಡಿಸಿದೆ. ಹಸಿರು ಕರಗಿ ಅರಿಸಿನವಾಯಿತು. ಆರಿದಂತೆ ಮತ್ತೆ ಹಸಿರಾಯಿತು. ಗಿರ್ಗಿಟ್!

ಗಿರ್ಗಿಟ್ ಅಂದರೆ ಗೋಸುಂಬೆ. ೧೯೮೧ರಲ್ಲಿ ದೊಡ್ಡ ಸಾಹೇಬರು ಇಂಥದೊಂದನ್ನು ನನಗೆ ತೋರಿಸಿದ್ದರು. ಬಿಸಿ ತಗುಲಿದರೆ ಹಳದಿ. ಒಂದೆರಡು ದಿನ ಕತ್ತಲಲ್ಲಿಟ್ಟರೂ ಹಳದಿ. ಬೆಳಕಿಗಿಟ್ಟು ಒಂದು ಚಹಾ ಕುಡಿಯುವಷ್ಟು ಹೊತ್ತು ಬಿಟ್ಟರೆ ಹಸಿರು. “ಪೆಹಲೆ ಚಾಯ್, ಫಿರ್ ರಂಗ್,” ಮೊದಲು ಚಹಾ, ಆಮೇಲೆ ಬಣ್ಣ, ಎಂದು ಅವರು ಹೇಳುತ್ತಿದ್ದುದು ಇದಕ್ಕೇ. ಸಾವಿರ ಕಲ್ಲಿನಲ್ಲಿ ಒಂದೂ ಇಂಥದು ಸಿಗುವುದಿಲ್ಲ, ಆದರೂ ಪ್ರತಿ ಕಲ್ಲಿಗೂ ಚಹಾ ಕುಡಿ ಎಂದರು. ಅವರಿಗೆ ಇದನ್ನು ಹೇಳಿಕೊಟ್ಟ ಉಸ್ತಾದರು ಒಬ್ಬನಿಗೇ ಹೇಳಿದ್ದರಂತೆ. ಕಸುಬಿನ ಗುಟ್ಟು ಹಾಗೆಯೇ, ಒಬ್ಬರಿಂದ ಒಬ್ಬರಿಗೆ. “ಅಕ್ತರ್‌ಗೂ ಹೇಳ್ಬೇಡ. ಅವನಿಗೆ ಗಲ್ಲಾಪೆಟ್ಟಿಗೆ ಗೊತ್ತು, ಕಲ್ಲು ಗೊತ್ತಿಲ್ಲ,” ಎಂದಿದ್ದರು.

ನಮ್ಮಪ್ಪ ಮುನಿಆಂಜನಪ್ಪ ಕಗ್ಗದಾಸಪುರದ ರಾಗಿ ಹೊಲದಲ್ಲಿ ಜೀವಮಾನವೆಲ್ಲ ಕಲ್ಲು ಆರಿಸಿ ಬದುವಿಗೆ ಎಸೆದವನು. ಅದನ್ನೇ ಎತ್ತಿಕೊಂಡು ನೋಡೋದೂ ಒಂದು ಕೆಲಸವಾ ಎಂದು ಸಾಯುವ ತನಕ ರೇಗಿಸಿದ. ಅಪ್ಪನಿಂದ ನನಗೆ ಬಂದದ್ದು ಒಂದು ಸೈಟು. ದೊಡ್ಡ ಸಾಹೇಬರಿಂದ ಬಂದದ್ದು ಈ ಮಾತು. ಇದು ನನ್ನ ಆಸ್ತಿ.

ಸಂಜೆ ಅವಳು ಕಲ್ಲನ್ನು ಮೆಷಿನ್‌ಗೆ ಹಾಕಿದಳು. “ಸರ, ಇಲ್ಲಿ ನೋಡ್ರಿ, ಮೂರು ಸಾವಿರದ ನೂರಾ ಏಳು! ಎಷ್ಟೆತ್ತರ!” ಎಂದು ಕೂಗಿದಳು. ಹೋಗಿ ನೋಡಿದೆ. ಕಂಬದ ಹಾಗೆ ನಿಂತಿತ್ತು. ಬಣ್ಣವನ್ನು ಸೋಮವಾರ ಬರೆದರಾಯಿತು ಎಂದು ಕಲ್ಲನ್ನು ಸೇಫಿನಲ್ಲಿಟ್ಟರು. ನಾಳೆ ಭಾನುವಾರ. ಒಂದೂವರೆ ದಿನ ಕತ್ತಲು.

ಸೋಮವಾರ, ೧ ಮಾರ್ಚ್

ನಾನು ಏನೂ ಮಾಡಲಿಲ್ಲ. ಸುಮ್ಮನೆ ಕೂತೆ, ಅಷ್ಟೇ.

ಸೇಫಿನ ಬೀಗದ ಕೈ ಈಗ ಅವಳ ಹತ್ತಿರ. ಬೆಳಗ್ಗೆ ಅವಳೇ ಕಲ್ಲು ತೆಗೆದಳು. ನನ್ನ ಕಿಟಕಿಯ ಮುಂದೆಯೇ ಹಾದು ಕಿಟಕಿ ಇಲ್ಲದ ತನ್ನ ಕೋಣೆಗೆ ಹೋದಳು. ಕರೆಯಬಹುದಿತ್ತು. ನನ್ನ ಕೈಯಲ್ಲಿ ಚಹಾದ ಲೋಟ ಇತ್ತು. ಅವಳು ಮತ್ತೊಮ್ಮೆ ಗೆರೆ ತೆಗೆದಳು, ಎಲ್ಲವನ್ನೂ ಎರಡು ಸಲ ಮಾಡುವುದು ಅವಳ ಪದ್ಧತಿ. ಕೂಡಲೇ ಬಣ್ಣ ಬರೆದು ಕಲ್ಲನ್ನು ಕಪ್ಪು ಪೊಟ್ಟಣಕ್ಕೆ ಹಾಕಿ ಸೀಲು ಒತ್ತಿದಳು. ಬಣ್ಣ: ಹಳದಿ. ಶನಿವಾರ ತಾನು ಹಾಕಿದ್ದು ಹಸಿರು ಕಲ್ಲು ಎಂಬುದೂ ಅವಳಿಗೆ ನೆನಪಾಗಲಿಲ್ಲ. ಅವಳ ಕಣ್ಣೆಲ್ಲ ಗೆರೆಯ ಮೇಲೆ.

ನಾಳೆ ಸುಭದ್ರಮ್ಮ ಬಂದು ತಕರಾರು ತೆಗೆದಾಗ ನಾನು ಎದ್ದು ಹೋಗಿ, ಕಲ್ಲನ್ನು ಬೆಳಕಿಗಿಟ್ಟು, ಎಲ್ಲರೆದುರಿಗೆ ತಿಳಿಸಿ ಹೇಳುತ್ತೇನೆ. ಎಂ.ಎಸ್ಸಿ.ಗೆ ಗೊತ್ತಿಲ್ಲದ್ದು ಎಸ್ಸೆಸ್ಸೆಲ್ಸಿಗೆ ಗೊತ್ತು ಎಂದು ಓಣಿಗೆಲ್ಲ ತಿಳಿಯಲಿ. ಅಷ್ಟೇ ನನ್ನ ಆಸೆ, ಬೇರೇನೂ ಇಲ್ಲ. ಚಹಾ ಇವತ್ತು ಯಾಕೋ ಕಹಿ ಇತ್ತು.

ಮಂಗಳವಾರ, ೨ ಮಾರ್ಚ್

ಅಂದುಕೊಂಡ ಹಾಗೆ ಆಗಲಿಲ್ಲ.

ಪೊಟ್ಟಣ ನಿನ್ನೆ ಸಂಜೆಯೇ ಅವರ ಮನೆಗೆ ಹೋಗಿತ್ತು. ಸುಭದ್ರಮ್ಮ ಬೆಳಗ್ಗೆ ಹತ್ತಕ್ಕೇ ಬಂದರು. ಬಂದವರು ಕೂರಲಿಲ್ಲ.

“ಹಸಿರು ಕಲ್ಲು ಕೊಟ್ಟೆ, ಹಳದಿ ಕಲ್ಲು ಕೊಟ್ಟಿದೀರಿ! ನಿಮ್ಮ ರಸೀದೀಲೇ ಹಸಿರು ಅಂತಿದೆ, ನಿಮ್ಮ ಸರ್ಟಿಫಿಕೇಟಲ್ಲೇ ಹಳದಿ ಅಂತಿದೆ. ಕದಿಯೋರು ಸ್ವಲ್ಪ ಬುದ್ಧಿ ಇಟ್ಕೊಂಡು ಕದೀಬೇಕಲ್ರೀ!”

ಅಕ್ತರ್ ಸಾಹೇಬರು ಕಲ್ಲು ತೋರಿಸಿ ಎಂದರು. ಸುಭದ್ರಮ್ಮ ಪೊಟ್ಟಣವನ್ನು ಒಂದು ಗಳಿಗೆ ಬಿಚ್ಚಿದರು. ಹಳದಿ. ಮರುಕ್ಷಣ ಮಡಿಚಿ ಕೈಚೀಲಕ್ಕೆ ಹಾಕಿ ಜಿಪ್ ಎಳೆದುಕೊಂಡರು. “ಇದು ಸಾಕ್ಷಿ. ಇನ್ನು ಇದನ್ನ ನಿಮ್ಮ ಕೈಗೆ ಕೊಡಲ್ಲ.” ಶನಿವಾರದೊಳಗೆ ಹಸಿರು ಕಲ್ಲು ವಾಪಸು ಬರದಿದ್ದರೆ ಪೊಲೀಸು ಎಂದು ಹೇಳಿ ಹೋದರು.

ಪ್ರಿಯದರ್ಶಿನಿ ಎರಡು ಕಾಗದ ಹಿಡಿದುಕೊಂಡು ಓಡಿ ಬಂದಳು. ಶನಿವಾರದ್ದು, ಸೋಮವಾರದ್ದು. “ಎರಡೂ ಒಂದ ಕಲ್ಲು ಸರ! ಗೆರಿ ಒಂದಕ್ಕೊಂದು ಕೂದಲಷ್ಟೂ ಫರಕಿಲ್ಲ. ಕಲ್ಲು ಬದಲಾಗಿಲ್ಲ, ಬಣ್ಣ ಬದಲಾಗಿರಬೇಕ್ರಿ.”

“ಗೆರೆ ತಗೊಂಡು ಅವರಿಗೆ ಏನ್ ಹೇಳ್ಲಿ ನಾನು?” ಅಕ್ತರ್ ಸಾಹೇಬರು ಬೆವೆತಿದ್ದರು. ನನ್ನ ಕಡೆ ತಿರುಗಿದರು. “ಕೆಂಪರಾಜ್ ಭಾಯ್, ನೀವ್ ಹೇಳಿ. ವಜ್ರ ತಾನಾಗೇ ಬಣ್ಣ ಬದ್ಲಾಯಿಸೋದು ಉಂಟಾ? ಯಾವತ್ತಾದ್ರೂ ನೋಡಿದೀರಾ?”

ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಮೆಷಿನ್ ಬಂದ ಮೇಲೆ ಮೊದಲ ಸಲ ಇಲ್ಲಿ ನನ್ನ ಒಂದು ಮಾತಿಗಾಗಿ ಎಲ್ಲರೂ ಕಾದು ನಿಂತಿದ್ದರು.

“ಮೂವತ್ತು ವರ್ಷದಲ್ಲಿ ನಾನಂತೂ ನೋಡಿಲ್ಲ,” ಎಂದೆ.

ಯಾಕೆ ಹಾಗಂದೆನೋ. ಬಾಯಿಂದ ಬಂದುಬಿಟ್ಟಿತು.

ಬುಧವಾರ, ೩ ಮಾರ್ಚ್

ಅವಳಿಗೆ ಮನೆಯಲ್ಲಿರಲು ಹೇಳಿದ್ದಾರೆ. ಸೇಫಿನ ಬೀಗದ ಕೈ ಮತ್ತೆ ನನ್ನ ಸೊಂಟಕ್ಕೆ ಬಂತು. ಇಬ್ಬರು ಬಂದು “ಕೆಂಪರಾಜಣ್ಣ ಇದಾರಾ?” ಎಂದು ಕೇಳಿದರು. ಖುಷಿಯಾಯಿತು. ಮಧ್ಯಾಹ್ನ ಎರಡು ಮಸಾಲೆ ದೋಸೆ ತಿಂದೆ.

ಗುರುವಾರ, ೪ ಮಾರ್ಚ್

ಬಳೇಪೇಟೆಯಿಂದ ಅರ್ಜೆಂಟಾಗಿ ಒಂದು ಕಲ್ಲು ಬಂತು. ಮೆಷಿನ್ ರಿಪೋರ್ಟೇ ಬೇಕಂತೆ. ಅಕ್ತರ್ ಸಾಹೇಬರು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ನಾನು ಸೋಪು ಹಾಕಿ ಕೈ ತೊಳೆದುಕೊಂಡು, ಕಲ್ಲನ್ನು ಆ ದ್ರಾವಣದಲ್ಲಿ ಅದ್ದಿ, ಚಿಮಟದಲ್ಲೇ ಎತ್ತಿ ಇಟ್ಟೆ. ಮೊದಲು ಖಾಲಿ ತಟ್ಟೆಯ ಗೆರೆ, ಆಮೇಲೆ ಕಲ್ಲಿನ ಗೆರೆ. ಸಾರಜನಕದ ಗೆರೆಗಳು ಚೆನ್ನಾಗಿ ಬಂದವು, ಮೂರು ಸಾವಿರದ ನೂರ ಏಳರಲ್ಲಿ ಏನೂ ಇಲ್ಲ, ಎರಡು ಸಾವಿರದ ಒಂಬೈನೂರರಲ್ಲಿ ಜಿಡ್ಡೂ ಇಲ್ಲ. ಎರಡು ಸಲ ತೆಗೆದೆ, ಒಂದಕ್ಕೊಂದು ಹೊಂದಿದವು.

“ಇದನ್ನ ಯಾವಾಗ ಕಲಿತ್ರಿ?” ಎಂದು ಅಕ್ತರ್ ಸಾಹೇಬರು ಕೇಳಿದರು. ಇದರಲ್ಲಿ ಕಲಿಯೋದೇನಿದೆ ಎಂದೆ.

ಸಂಜೆ ಹಂಸ ಸೊಪ್ಪು ಬಿಡಿಸುತ್ತಾ ಹೇಳಿದಳು, “ಎರಡು ತಿಂಗಳಿಂದ ಈ ಮನೇಲಿ ಆ ಹುಡುಗಿ ಬಿಟ್ರೆ ಬೇರೆ ಮಾತಿಲ್ಲ. ಹಾಗಂದ್ಲು, ಹೀಗ್ ಮಾಡಿದ್ಲು, ಹೈಡ್ರೋಜನ್ ನಡಗತ್ತಂತೆ. ಈಗ ಅವಳ ಕೆಲ್ಸ ಹೋಗೋ ಹಾಗಿದೆ ಅಂತೀರ, ಮುಖ ನೋಡಿದ್ರೆ ನಿಮ್ದೇ ಹೋದ ಹಾಗಿದೆ.”

ನಾನು ಚೆನ್ನಾಗಿಯೇ ಇದ್ದೇನೆ. ಹೊಟ್ಟೆ ಸ್ವಲ್ಪ ಸರಿ ಇಲ್ಲ, ನಿನ್ನೆಯ ದೋಸೆ.

ಶುಕ್ರವಾರ, ೫ ಮಾರ್ಚ್

ಮೆಷಿನ್ ಕೋಣೆಯ ಇನ್ನೊಂದು ಬೀಗದ ಕೈ ಅವಳ ಹತ್ತಿರ ಉಳಿದಿತ್ತು. ಅದನ್ನೂ, ನಡೆದದ್ದನ್ನು ಬರೆದು ಸಹಿ ಮಾಡಿದ ಒಂದು ಕಾಗದವನ್ನೂ ತರಲು ಅಕ್ತರ್ ಸಾಹೇಬರು ನನ್ನನ್ನು ಕೆ.ಆರ್. ಪುರಕ್ಕೆ ಕಳಿಸಿದರು. ಬಸ್ಸು ಟಿನ್ ಫ್ಯಾಕ್ಟರಿ ಹತ್ತಿರ ಮುಕ್ಕಾಲು ಗಂಟೆ ನಿಂತಿತು. ವಾಪಸು ಹೋಗಿಬಿಡೋಣ ಎಂದು ಎರಡು ಸಲ ಅನ್ನಿಸಿತು.

ಸಂತೆಯ ಹಿಂದೆ ಶೀಟು ಹೊದಿಸಿದ ಆರು ಕೋಣೆಗಳ ಸಾಲು. ಕೊನೆಯ ಕೋಣೆ ಅವಳದು. ಅವಳ ತಾಯಿ ಶೇಷಮ್ಮ ಬಾಗಿಲಲ್ಲೇ ರೊಟ್ಟಿ ಬಡಿಯುತ್ತಿದ್ದರು. ನಾನು ಯಾರೆಂದು ತಿಳಿದ ಕೂಡಲೇ ಹಿಟ್ಟಿನ ಕೈಯಲ್ಲೇ ಎದ್ದು ನಿಂತರು.

“ಕೆಂಪರಾಜ ಸಾಹೇಬ್ರಾ? ಬರ್ರಿ ಯಪ್ಪಾ, ಬರ್ರಿ. ನಾಕು ದಿನಾತು, ಯಾರೂ ಈ ಕಡಿ ಹೊಳ್ಳಿ ನೋಡಿಲ್ಲ. ನೀವೊಬ್ಬರರ ಬಂದ್ರಲ್ಲ.”

ಬೇಡವೆಂದರೂ ತಟ್ಟೆ ಹಾಕಿದರು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಪುಂಡಿ ಪಲ್ಯ. ಬಿಸಿ ರೊಟ್ಟಿ ಒಂದಾದ ಮೇಲೊಂದು ಬೀಳುತ್ತಿತ್ತು. “ಅಕಿ ದಿನಾ ನಿಮ್ಮದ ಹೇಳ್ತಾಳ್ರಿ. ಕಣ್ಣಂದ್ರ ಸರಂದು, ಮೆಷಿನ್ ಅದರ ಮುಂದ ಏನಿಲ್ಲ ಅಂತ. ಕಳ್ಳಿ ಅಂತ ಪೊಲೀಸರು ಎಳಕೊಂಡು ಹೋದ್ರ ನಾವು ಊರಿಗೆ ಹ್ಯಾಂಗ ಮುಖಾ ತೋರಸೂದ್ರಿ?”

ಪ್ರಿಯದರ್ಶಿನಿ ಬೀಗದ ಕೈಯನ್ನೂ ಕಾಗದವನ್ನೂ ನನ್ನ ಪಕ್ಕದಲ್ಲಿಟ್ಟಳು. ಕಣ್ಣು ಊದಿಕೊಂಡಿದ್ದವು. ನಾಲ್ಕು ದಿನದಿಂದ ಆ ಎರಡು ಗೆರೆ ಕಾಗದಗಳನ್ನು ನೋಡುತ್ತಲೇ ಇದ್ದಾಳಂತೆ.

“ಎರಡೂ ಒಂದ ಕಲ್ಲು ಅಂತನ ಅನಸ್ತಿತ್ರಿ ಸರ. ಹೈಡ್ರೋಜನ್ ಇಷ್ಟಿದ್ದ ಕಲ್ಲು ಬಣ್ಣಾ ಬದಲಸ್ಬಹುದೇನೋ ಅನಕೊಂಡಿದ್ದೆ. ಆದ್ರ ನೀವು ಮೂವತ್ತು ವರ್ಷದಾಗ ನೋಡಿಲ್ಲ ಅಂದ್ರಿ. ನೀವು ನೋಡಿಲ್ಲ ಅಂದ ಮ್ಯಾಲ ಅದು ಇಲ್ಲಂತನ ಅರ್ಥ. ನಂದ ಎಲ್ಲೋ ತಪ್ಪಾಗಿರಬೇಕು. ಕಾಗದದಾಗ ಹಂಗ ಬರದೀನಿ.”

ಮಡಿಕೆ ಬಿಚ್ಚಿ ನೋಡಿದೆ. ‘ನನ್ನ ಅಜಾಗರೂಕತೆಯಿಂದ ಕಲ್ಲು ಬದಲಾಗಿರಬಹುದು’ ಎಂದು ದುಂಡಗೆ ಬರೆದು ಸಹಿ ಹಾಕಿದ್ದಳು.

ನನ್ನ ಮಾತಿಗೆ ಇಷ್ಟು ತೂಕ ಕೊಟ್ಟವರು ಈ ಊರಲ್ಲಿ ಯಾರೂ ಇರಲಿಲ್ಲ, ನನ್ನ ಹೆಂಡತಿಯನ್ನೂ ಸೇರಿಸಿ. ಹೇಳಬೇಕೆಂದು ಬಾಯಿ ತೆರೆದೆ. ಶೇಷಮ್ಮ ಆ ಹೊತ್ತಿಗೆ ಮೂರನೆಯ ರೊಟ್ಟಿ ಹಾಕಿದರು. ತಿಂದೆ. ಕೈ ತೊಳೆದುಕೊಂಡು, ಬೀಗದ ಕೈ ತೆಗೆದುಕೊಂಡು ಬಂದುಬಿಟ್ಟೆ. ಕಾಗದ ನನ್ನ ಜೇಬಿನಲ್ಲೇ ಇದೆ. ಅಕ್ತರ್ ಸಾಹೇಬರಿಗೆ ಅವಳು ಇನ್ನೂ ಬರೆದಿಲ್ಲ ಎಂದೆ.

ಶನಿವಾರ, ೬ ಮಾರ್ಚ್

ಸುಭದ್ರಮ್ಮ ಅಳಿಯನ ಜೊತೆ ಬಂದರು. ಅಳಿಯ ಕೂತವನೇ ಪೊಲೀಸರಿಗೆ ಮಾಡಲು ಫೋನು ತೆಗೆದು ಕೈಯಲ್ಲಿ ಇಟ್ಟುಕೊಂಡ. ಪ್ರಿಯದರ್ಶಿನಿಯನ್ನೂ ಕರೆಸಿದ್ದರು. ಅವಳು ಗೋಡೆಗೆ ಅಂಟಿಕೊಂಡು ನಿಂತಿದ್ದಳು, ಯಾರೂ ಕೂರು ಎನ್ನಲಿಲ್ಲ.

ನಾನು ಎದ್ದೆ.

“ಅಮ್ಮಾ, ಒಂದು ಹತ್ತು ನಿಮಿಷ ಕೊಡಿ. ಕಲ್ಲು ನಿಮ್ಮ ಕೈಯಿಂದ್ಲೇ ತೆಗ್ದು ಆ ಕಿಟಕಿ ಹತ್ರ ಬಿಳಿ ಕಾಗದದ ಮೇಲೆ ಇಡಿ. ನಾವ್ಯಾರೂ ಹತ್ರ ಬರಲ್ಲ. ನೀವೇ ಪಕ್ಕದಲ್ಲಿ ಕೂತ್ಕೊಂಡು ಟೀ ಕುಡೀರಿ.”

“ಟೀ ಕುಡಿಯೋಕ್ ಬಂದಿಲ್ಲ ನಾನು!”

“ಕುಡೀರಮ್ಮ. ಟೀ ಮುಗಿಯೋ ಹೊತ್ತಿಗೆ ನಿಮ್ಮ ಕಲ್ಲು ನಿಮಗೆ ಸಿಗತ್ತೆ. ಸಿಗದಿದ್ರೆ ಪೊಲೀಸ್ನೋರಿಗೆ ನನ್ನ ಹೆಸರೇ ಕೊಡಿ.”

ಇಟ್ಟರು. ಹಳದಿ. ಚಹಾ ಬಂತು. ಸುಭದ್ರಮ್ಮ ಎರಡು ಗುಟುಕು ಕುಡಿದು ಕಾಗದದ ಕಡೆ ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಲೋಟ ಅರ್ಧವಾಗುವ ಹೊತ್ತಿಗೆ ಅವರ ಅತ್ತೆಯ ಹಸಿರು ಕಲ್ಲು ಅಲ್ಲಿ ಕೂತಿತ್ತು. ಅಂಚಿನ ಕಪ್ಪು ಚುಕ್ಕೆಯನ್ನು ಭೂತಗನ್ನಡಿಯಲ್ಲಿ ಅಳಿಯನಿಗೆ ತೋರಿಸಿದೆ, ರಸೀದಿಯಲ್ಲಿ ಬರೆದದ್ದನ್ನೂ ತೋರಿಸಿದೆ. ಸ್ಪಿರಿಟ್ ದೀಪಕ್ಕೆ ಹಿಡಿದೆ, ಹಳದಿ. ಆರಿಸಿದೆ, ಹಸಿರು.

“ನಮ್ಮತ್ತೆ ಇದನ್ನ ಬೀರುವಿಂದ ತೆಗೆದ್ರೆ ಮೊದ್ಲು ಬಿಸಿಲಿಗೆ ಹಿಡಿಯೋರು,” ಎಂದರು ಸುಭದ್ರಮ್ಮ, ಮೆತ್ತಗಿನ ದನಿಯಲ್ಲಿ. “ಪೂಜೆ ಏನೋ ಅನ್ಕೊಂಡಿದ್ದೆ.” ಪ್ರಿಯದರ್ಶಿನಿಯ ಕೈ ಹಿಡಿದು, “ತಪ್ಪು ತಿಳ್ಕೋಬೇಡಮ್ಮ,” ಎಂದರು. ಹೋದರು.

ಅಕ್ತರ್ ಸಾಹೇಬರು ಕುರ್ಚಿ ಬಿಟ್ಟು ಏಳಲಿಲ್ಲ.

“ನಮ್ಮ ಅಬ್ಬಾ ಹೇಳ್ಕೊಟ್ರಾ ಇದನ್ನ?”

“ಹೌದು ಸಾಹೇಬ್ರೆ. ಎಂಬತ್ತೊಂದರಲ್ಲಿ.”

“ನಂಗ್ಯಾಕ್ ಹೇಳ್ಲಿಲ್ಲ? ಮಗ ನಾನು.”

ಅವರ ಮುಖದಲ್ಲಿ ಏನು ಬಂತೆಂದು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಎರಡು ತಿಂಗಳಿಂದ ಕನ್ನಡಿಯಲ್ಲಿ ಅದನ್ನೇ ನೋಡಿಕೊಂಡು ಕ್ಷೌರ ಮಾಡಿಕೊಳ್ಳುತ್ತಿದ್ದೇನೆ. ಆಮೇಲೆ ಅವರಿಗೆ ಹೊಳೆಯಿತು. “ಮಂಗಳವಾರ ನಾನ್ ಕೇಳ್ದಾಗ ನೋಡೇ ಇಲ್ಲ ಅಂದ್ರಲ್ಲ?”

ಪ್ರಿಯದರ್ಶಿನಿ ಗೋಡೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು.

“ನಿನ್ನಿ ನಮ್ಮನ್ಯಾಗ ಊಟಕ್ಕ ಕುಂತಾಗೂ ಗೊತ್ತಿತ್ತೇನ್ರಿ ಸರ?”

“ಗೊತ್ತಿತ್ತಮ್ಮ.”

“ಅವ್ವ ಮೂರನೇ ರೊಟ್ಟಿ ಹಾಕಿದಾಗೂ?”

ಅವಳ ಕಾಗದವನ್ನು ಜೇಬಿನಿಂದ ತೆಗೆದು ಕೊಟ್ಟೆ. ಅದನ್ನು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿ ಮೆಷಿನ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು.

ಮಂಗಳವಾರ, ೯ ಮಾರ್ಚ್

ಕೆಲಸ ಉಳಿದಿದೆ. ಯಾಕೆ ಉಳಿಸಿಕೊಂಡರೋ ಕೇಳಲಿಲ್ಲ. ಕಿಟಕಿಯ ಮೇಲೆ ಹೊಸ ಚೀಟಿ ಅಂಟಿಸಿದ್ದಾರೆ: ಪ್ರತಿ ಕಲ್ಲನ್ನೂ ಹದಿನೈದು ನಿಮಿಷ ಬೆಳಕಿಗಿಟ್ಟ ನಂತರವೇ ಬಣ್ಣ ಬರೆಯಬೇಕು. ಗುಟ್ಟು ಗೋಡೆಗೆ ಹತ್ತಿತು. ಯಾರು ಬೇಕಾದರೂ ಓದಬಹುದು.

ಶನಿವಾರ, ೨೭ ಮಾರ್ಚ್

ಮೂರು ವಾರ ಅವಳು ನನ್ನೊಡನೆ ಕೆಲಸದ ಮಾತು ಬಿಟ್ಟು ಒಂದು ಮಾತೂ ಆಡಿರಲಿಲ್ಲ. “ತೂಕಾ ಹೇಳ್ರಿ,” “ಇಲ್ಲಿ ಸಹಿ ಮಾಡ್ರಿ,” ಅಷ್ಟೇ. ಸರ ಎನ್ನುವುದೂ ನಿಂತಿತ್ತು. ಇವತ್ತು ಮಧ್ಯಾಹ್ನ ಕಾಗದ ಪೆನ್ನು ಹಿಡಿದುಕೊಂಡು ನನ್ನ ಮೇಜಿನ ಎದುರಿಗೆ ಬಂದು ಕೂತಳು. ಮುಂಬಯಿಯ ಒಂದು ಪತ್ರಿಕೆಗೆ ಆ ಕಲ್ಲಿನ ಬಗ್ಗೆ ಬರೆಯುತ್ತಿದ್ದಾಳಂತೆ.

ದೊಡ್ಡ ಸಾಹೇಬರು ಏನು ಹೇಳಿದ್ದರು, ಎಷ್ಟು ಬಿಸಿಗೆ ತಿರುಗಿತು, ಎಷ್ಟು ಹೊತ್ತಿಗೆ ಹೊರಳಿತು, ಒಂದೊಂದನ್ನೂ ಕೇಳಿ ಬರೆದುಕೊಂಡಳು. ಕಲ್ಲು ಬಂದ ದಿನವೇ ದೀಪಕ್ಕೆ ಹಿಡಿದಿದ್ದೆ ಎಂಬುದನ್ನೂ ಮುಚ್ಚಿಡಲಿಲ್ಲ. ನಾನೂ ಕೇಳಿದೆ, ಹೈಡ್ರೋಜನ್ನೇ ಇದಕ್ಕೆ ಕಾರಣವಾ ಎಂದು. “ಇಂಥಾ ಕಲ್ಲಿನಾಗ ಅದು ಭಾಳ ಇರ್ತದ, ಅಷ್ಟ ಗೊತ್ತು. ಒಳಗ ಏನ ಮಾಡ್ತದ ಅನ್ನೂದು ಇನ್ನೂ ಯಾರಿಗೂ ಪೂರಾ ಗೊತ್ತಿಲ್ಲ,” ಎಂದಳು. ಎಷ್ಟು ಚುರುಕಾಗಿ, ಎಷ್ಟು ತಿಳಿಯಾಗಿ ಬರೆಯುತ್ತಾಳೆ! ಪೆನ್ನು ಎತ್ತುವುದೇ ಇಲ್ಲ. ಈಗಲೂ ಹೊಟ್ಟೆಯೊಳಗೆ ಒಂದು ಕಡೆ ಸುಟ್ಟಿತು.

ಕೊನೆಗೆ, “ಈ ಮಾತು ಯಾರಿಂದ ತಿಳೀತು ಅಂತ ಬರೀಬೇಕು. ದೊಡ್ಡ ಸಾಹೇಬ್ರ ಹೆಸರು ಹಾಕೀನಿ,” ಎಂದಳು.

ನಾನು ಕಾದೆ. ಅವಳು ಕಾಗದ ಮಡಿಚತೊಡಗಿದಳು. ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ. “ನನ್ನ ಹೆಸರು?”

ಅವಳು ತಲೆ ಎತ್ತಿದಳು. ಕೋಪ ಇರಲಿಲ್ಲ. ತಕ್ಕಡಿಯ ಮುಳ್ಳು ನಿಲ್ಲುವುದನ್ನು ಕಾಯುವಾಗ ಇರುವಂಥ ಮುಖ.

“ನಿಮ್ಮ ಹೆಸರು ಹಾಕಿದ್ರ ಯಾವತ್ತು ಹೇಳಿದ್ರಿ ಅಂತ ತಾರೀಖೂ ಹಾಕ್ಬೇಕಾಗ್ತದ. ಕಲ್ಲು ಬಂದಿದ್ದು ಇಪ್ಪತ್ತೆಂಟಕ್ಕ. ನೀವು ದೀಪಕ್ಕ ಹಿಡಿದು ನೋಡಿದ್ದೂ ಇಪ್ಪತ್ತೆಂಟಕ್ಕ. ಹೇಳಿದ್ದು ಆರಕ್ಕ. ಓದಿದವರು ಕೇಳ್ತಾರ, ನಡುವ ಏನಾತು ಅಂತ.”

ಅಕ್ತರ್ ಸಾಹೇಬರು ಒಳಗಿದ್ದರು. ಓಣಿಯಲ್ಲಿ ಯಾರೋ ಸ್ಕೂಟರ್ ಒದೆಯುತ್ತಿದ್ದರು, ಅದು ಹೊತ್ತಿಕೊಳ್ಳಲೇ ಇಲ್ಲ.

“ಹಾಕಮ್ಮ,” ಎಂದೆ. “ಎರಡೂ ತಾರೀಖು ಹಾಕು.”

ಅವಳು ಮಡಿಚಿದ ಕಾಗದವನ್ನು ಮತ್ತೆ ಬಿಚ್ಚಿದಳು. ಆಮೇಲೆ ಬರೆದು, ಸರಿ ಇದೆಯೇ ನೋಡಿ ಎಂದು ಕಾಗದವನ್ನು ನನ್ನ ಕಡೆಗೆ ತಿರುಗಿಸಿ, ತನ್ನ ಚಹಾ ಎತ್ತಿಕೊಂಡು ಒಳಗೆ ಹೋದಳು. ಎಲ್ಲಕ್ಕೂ ಕೆಳಗೆ ನನ್ನ ಹೆಸರು, ಅದರ ಮುಂದೆ ಎರಡು ತಾರೀಖು. ಎಸ್ಸೆಸ್ಸೆಲ್ಸಿ ಇಲ್ಲ, ಬೇರೇನೂ ಇಲ್ಲ. ಕಾಗದವನ್ನು ಕಿಟಕಿಯ ಬೆಳಕಿಗೆ ಸರಿಸಿ ಇನ್ನೊಂದು ಸಲ ಓದಿದೆ. ಸರಿಯಾಗಿತ್ತು.